ಮೂರನೆಯ ದಿನದ ಮಿದುಳು

2020ರ ಮಾರ್ಚ್ 24ರ ನಡುರಾತ್ರಿ ದೇಶಕ್ಕೆ ಬೀಗ ಬಿತ್ತು. ಹಾಲು, ತರಕಾರಿ, ಔಷಧಿ ಅಂಗಡಿಗಳಿಗೆ ವಿನಾಯಿತಿ ಇತ್ತು, ಮದ್ಯದಂಗಡಿಗಳಿಗೆ ಇರಲಿಲ್ಲ. ಕೊಡಗಿನಲ್ಲಿ ಮಾಕುಟ್ಟದ ಹಾದಿಗೆ ಮಣ್ಣು ಸುರಿದು ಕೇರಳದ ಕಡೆಯ ಗಡಿಯನ್ನೇ ಮುಚ್ಚಿದರು. ಎಲ್ಲರ ಕಣ್ಣೂ ವೈರಸ್ಸಿನ ಮೇಲೆ ನೆಟ್ಟಿದ್ದ ಆ ವಾರ ಬೆಂಗಳೂರಿನ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬೇರೆಯೇ ಬಗೆಯ ರೋಗಿಗಳು ಬರತೊಡಗಿದರು: ಕೈಕಾಲು ನಡುಗುವವರು, ಫಿಟ್ಸ್ ಬಂದವರು, ಗೋಡೆಯ ಜೊತೆ ಮಾತಾಡುವವರು. ನಿಮ್ಹಾನ್ಸ್‌ನ ವೈದ್ಯರೂ ಅವರ ಸಹೋದ್ಯೋಗಿಗಳೂ ನಗರದ ಆಸ್ಪತ್ರೆಗಳ ದಾಖಲೆ ಜೋಡಿಸಿ ನೋಡಿದಾಗ, ಕುಡಿತ ನಿಂತದ್ದರಿಂದಲೇ ತೊಂದರೆಗೆ ಸಿಕ್ಕಿ ಬರುವವರ ಸಂಖ್ಯೆ ದಿನಕ್ಕೆ ಸರಾಸರಿ 4ರಿಂದ 8ಕ್ಕೆ ಏರಿತ್ತು. ಏರಿಕೆ ಶುರುವಾದದ್ದು ಮಾರ್ಚ್ 26 ಮತ್ತು 28ರ ನಡುವೆ.

ಈ ತಾರೀಕುಗಳನ್ನು ಸ್ವಲ್ಪ ಗಮನಿಸಬೇಕು. ಅಂಗಡಿ ಮುಚ್ಚಿದ ದಿನವೇ ಸಂಖ್ಯೆ ಏರಲಿಲ್ಲ. ವಾರ ಕಳೆದ ಮೇಲೂ ಅಲ್ಲ. ಎರಡು, ಮೂರು ದಿನ ತಡೆದು ಏರಿತು. ಒಬ್ಬರಿಗೊಬ್ಬರು ಗುರುತಿಲ್ಲದ, ಬೇರೆ ಬೇರೆ ಬಡಾವಣೆಯ ಅಷ್ಟು ಜನರ ಮಿದುಳು ಒಂದೇ ವೇಳಾಪಟ್ಟಿ ಹಿಡಿದು ಕೆಟ್ಟಿತು. ಇದು ಬರೀ ಮನಸ್ಸಿನ ದೌರ್ಬಲ್ಯವಾಗಿದ್ದರೆ ಇಷ್ಟು ಕರಾರುವಾಕ್ಕಾಗಿ ಗಂಟೆ ನೋಡಿ ಬರುತ್ತಿರಲಿಲ್ಲ.

ಇಂಥದ್ದು ಬೆಂಗಳೂರಿಗಿಂತ ಕೊಡಗಿನಲ್ಲಿ ಗುರುತಿಸುವುದು ಕಷ್ಟ. ಕೊಡಗಿನಲ್ಲಿ ಕುಡಿತಕ್ಕೆ ಮರೆಯಿಲ್ಲ. ಮನೆತನದ ಪೂರ್ವಜರಾದ ಗುರುಕಾರಣರಿಗೆ ಎಡೆ ಇಡುವಾಗ ಮಾಂಸದ ಜೊತೆ ಮದ್ಯವೂ ಇರುತ್ತದೆ. ಮದುವೆಮನೆಯಲ್ಲಿ ಹಿರಿಯರ ಎದುರೇ ಲೋಟ ಕೈಗೆ ಬರುತ್ತದೆ. ಸೇನೆಯಿಂದ ನಿವೃತ್ತರಾದವರ ಮನೆಗೆ ಕ್ಯಾಂಟೀನ್ ರಮ್ ಬರುತ್ತದೆ. ಕಾಡಂಚಿನಲ್ಲಿ ಬೈನೆ ಮರದ ಕಳ್ಳು ಇದ್ದೇ ಇದೆ. ಕಕ್ಕಡ ತಿಂಗಳ ಮಳೆಗೆ ಮೈ ಬೆಚ್ಚಗಾಗಲು ಒಂದು ಪೆಗ್ ಎಂಬ ಸಮರ್ಥನೆಯೂ ಇದೆ. (ಅದು ಬೆಚ್ಚಗಾಗಿಸುವುದಿಲ್ಲ. ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುತ್ತದೆ. ಬೆಚ್ಚಗಾದ ಭಾವನೆ ಮಾತ್ರ ಉಳಿಯುತ್ತದೆ.) ತೋಟದ ಲೈನ್ ಮನೆಗಳ ಕಥೆ ಬೇರೆ. ಅಲ್ಲಿ ಪಣಿಯ ಎರವರು, ಪಂಜರಿ ಎರವರು, ಕುರುಬರು, ಹೊರಗಿನಿಂದ ಬಂದ ಕೂಲಿಗಳು ಇದ್ದಾರೆ. ಸಂಬಳದ ಸಂಜೆ ಹಣ ಎಲ್ಲಿಗೆ ಹೋಗುತ್ತದೆಂದು ಅಲ್ಲಿನ ಹೆಂಗಸರನ್ನೇ ಕೇಳಬೇಕು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಕುಡಿಯುವವರು ಕಡಿಮೆ ದರದ ವಿಸ್ಕಿ ಪ್ಯಾಕೆಟ್ಟಿಗೆ ಬದಲಾದರು, ಅಷ್ಟೆ.

ಎಲ್ಲರೂ ಬಹಿರಂಗವಾಗಿ ಕುಡಿಯುವ ಕಡೆ, ಹಬ್ಬಕ್ಕೆ ಕುಡಿಯುವವನ ಪಕ್ಕದಲ್ಲೇ ಇಲ್ಲದಿದ್ದರೆ ಬದುಕಲಾಗದವನೂ ಕೂತಿರುತ್ತಾನೆ. ಲೋಟ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಅವನ ಕೈ ನೋಡಬೇಕು. ಎರಡೂ ಕೈ ಮುಂದೆ ಚಾಚಿ ಬೆರಳು ಅಗಲಿಸಿ ಹಿಡಿಯಲು ಹೇಳಿ. ವೈದ್ಯರು ಇಂದಿಗೂ ಮಾಡುವ ಪರೀಕ್ಷೆ ಇದು. ಬೆರಳ ತುದಿಗಳು ಸಣ್ಣಗೆ, ಬಿರುಸಾಗಿ ಅದುರುತ್ತಿದ್ದರೆ, ಕಾಫಿ ಲೋಟ ತುಟಿಗೆ ಬರುವಷ್ಟರಲ್ಲಿ ಅಂಗಿಯ ಮೇಲೆ ಚೆಲ್ಲುತ್ತಿದ್ದರೆ, ಒಂದು ಕಟಿಂಗ್ ಹಾಕಿದ ಹತ್ತಿಪ್ಪತ್ತು ನಿಮಿಷಕ್ಕೆ ಅದೇ ಕೈ ಕಲ್ಲಿನಂತೆ ನಿಂತರೆ, ಆ ಮನುಷ್ಯನ ಮಿದುಳು ಮದ್ಯವನ್ನು ಲೆಕ್ಕಕ್ಕೆ ಸೇರಿಸಿಕೊಂಡೇ ಬಹಳ ಕಾಲವಾಗಿದೆ.

ಆ ಲೆಕ್ಕ ಏನು?

ನಮ್ಮ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳು ಸದಾ ಒಂದಕ್ಕೊಂದು ರಾಸಾಯನಿಕಗಳಲ್ಲಿ ಮಾತಾಡುತ್ತಿರುತ್ತವೆ. ಈ ಮಾತುಕತೆಯ ಬಹುಪಾಲನ್ನು ನಡೆಸುವವು ಎರಡು. ಗ್ಲುಟಮೇಟ್ ಎಂಬುದು ಕೆರಳಿಸುವ ರಾಸಾಯನಿಕ. ಅದು ಬಂದು ತಾಕಿದ ಕೋಶ ಎಚ್ಚೆತ್ತು ಮುಂದಿನ ಕೋಶಕ್ಕೆ ಸಂಕೇತ ದಾಟಿಸುತ್ತದೆ. ಗಾಬಾ ಎಂಬುದು ತಣಿಸುವ ರಾಸಾಯನಿಕ. ಅದು ತಾಕಿದಾಗ ಕೋಶದ ಪೊರೆಯಲ್ಲಿ ಒಂದು ಕಿಂಡಿ ತೆರೆದು ಋಣ ವಿದ್ಯುದಂಶದ ಕ್ಲೋರೈಡ್ ಒಳಗೆ ನುಗ್ಗುತ್ತದೆ, ಕೋಶ ಸುಮ್ಮನಾಗುತ್ತದೆ. ಕಾಫಿ ಬೆಳೆಯುವವರಿಗೆ ಇದನ್ನು ಹೇಳುವುದು ಸುಲಭ. ಗ್ಲುಟಮೇಟ್ ಬಿಸಿಲು, ಗಾಬಾ ನೆರಳು. ಎರಡೂ ಬೇಕು, ಹದದಲ್ಲಿ ಬೇಕು.

ಮದ್ಯ ಎರಡೂ ಕಡೆ ಕೈಯಾಡಿಸುತ್ತದೆ. ಗಾಬಾದ ಕಿಂಡಿ ಇನ್ನಷ್ಟು ಹೊತ್ತು ತೆರೆದಿರುವಂತೆ ಮಾಡುತ್ತದೆ. ಗ್ಲುಟಮೇಟ್ ಕೆಲಸ ಮಾಡುವ ಎನ್‌ಎಮ್‌ಡಿಎ ಎಂಬ ಗ್ರಾಹಕವನ್ನು ಅದುಮುತ್ತದೆ. ಅಂದರೆ ತೋಟದ ಮೇಲೆ ಟಾರ್ಪಾಲು ಎಳೆದಂತೆ. ಮೊದಲ ಪೆಗ್ಗಿನ ನೆಮ್ಮದಿ, ಎರಡನೆಯದರ ಸಲುಗೆ, ಐದನೆಯದರ ತೊದಲು, ಎಲ್ಲವೂ ಈ ನೆರಳಿನ ದಟ್ಟಣೆಯ ಮೆಟ್ಟಿಲುಗಳು. ಅಪರೂಪಕ್ಕೆ ಒಮ್ಮೆ ಎಳೆದು ತೆಗೆದರೆ ತೋಟಕ್ಕೇನೂ ಆಗುವುದಿಲ್ಲ. ದಿನವೂ, ತಿಂಗಳುಗಟ್ಟಲೆ, ವರ್ಷಗಟ್ಟಲೆ ಟಾರ್ಪಾಲು ಅಲ್ಲೇ ಇದ್ದರೆ? ತೋಟ ನೋಡಿಕೊಳ್ಳುವವನು ನೆರಳು ಹೆಚ್ಚಾಯಿತೆಂದು ಮರ ಕಪಾತಿಗೆ ಇಳಿಯುತ್ತಾನೆ. ಮಿದುಳೂ ಅದನ್ನೇ ಮಾಡುತ್ತದೆ. ಗಾಬಾ ಗ್ರಾಹಕಗಳಲ್ಲಿ ಕೆಲವನ್ನು ಕೋಶದ ಒಳಕ್ಕೆ ಎಳೆದುಕೊಳ್ಳುತ್ತದೆ, ಉಳಿದವುಗಳ ರಚನೆಯನ್ನೇ ಬದಲಿಸಿ ಸ್ಪಂದನೆ ತಗ್ಗಿಸುತ್ತದೆ. ಇನ್ನೊಂದು ಕಡೆ ಎನ್‌ಎಮ್‌ಡಿಎ ಗ್ರಾಹಕಗಳನ್ನು ಹೆಚ್ಚಿಸುತ್ತದೆ. ಈಗ ಅರ್ಧ ಬಾಟಲಿ ಹಾಕಿದರೂ ಮನುಷ್ಯ ನೆಟ್ಟಗೆ ನಡೆಯುತ್ತಾನೆ. "ಅವನಿಗೆ ಎಷ್ಟು ಹಾಕಿದರೂ ಏರುವುದಿಲ್ಲ" ಎಂದು ಊರು ಮೆಚ್ಚಿಕೊಳ್ಳುವ ಸಾಮರ್ಥ್ಯ ಇದೇ: ಹಾಲುವಾಣದಿಂದ ಸಿಲ್ವರ್ ಓಕ್‌ವರೆಗೆ ತೋಟದ ಸ್ವಂತ ನೆರಳೆಲ್ಲ ಕಡಿದುಹೋಗಿ, ಟಾರ್ಪಾಲಿನ ಮೇಲೇ ನಿಂತಿರುವ ಸ್ಥಿತಿ.

ಇಂಥವನು ಒಂದು ದಿನ ಕುಡಿತ ನಿಲ್ಲಿಸುತ್ತಾನೆ. ಜ್ವರ ಬಂದು ಮಲಗಿರಬಹುದು, ಕೈಯಲ್ಲಿ ಕಾಸಿಲ್ಲದಿರಬಹುದು, ಮಗಳು ಅತ್ತಿರಬಹುದು, ಸರಕಾರ ಬೀಗ ಹಾಕಿರಬಹುದು. ಕಾರಣ ಒಳ್ಳೆಯದೋ ಕೆಟ್ಟದ್ದೋ ಎಂದು ಮಿದುಳು ಕೇಳುವುದಿಲ್ಲ. ಕೊನೆಯ ಗುಟುಕಿನಿಂದ ಆರೆಂಟು ಗಂಟೆಗೆ ನಡುಕ, ಬೆವರು, ವಾಕರಿಕೆ, ಎದೆಬಡಿತ ಶುರು. ಮೊದಲ ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೆಯ ದಿನ ದಾಟಿ ನಾಲ್ಕನೆಯ ದಿನದೊಳಗೆ, ನೂರರಲ್ಲಿ ಸುಮಾರು ಐವರಿಗೆ ಎಲ್ಲಕ್ಕಿಂತ ಕೆಟ್ಟದ್ದು ಬರುತ್ತದೆ. ಇಂಗ್ಲೆಂಡಿನ ಥಾಮಸ್ ಸಟನ್ ಎಂಬ ವೈದ್ಯ 1813ರಲ್ಲಿ ಅದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎಂದು ಹೆಸರಿಟ್ಟ. ನಡುಕದ ಸನ್ನಿ ಎನ್ನೋಣ.

ಸನ್ನಿಯಲ್ಲಿರುವವನಿಗೆ ಹಗಲು ರಾತ್ರಿಯ ಪರಿವೆ ಇಲ್ಲ. ಮೈಮೇಲೆ ಇರುವೆ ಹರಿಯುತ್ತವೆ. ಮಳೆಗಾಲದ ತೋಟ ಬಲ್ಲವನಾದರೆ ಕಾಲಿಗೆ ಜಿಗಣೆ ಹತ್ತಿತೆಂದು ಕಿತ್ತು ಕಿತ್ತು ಎಸೆಯುತ್ತಾನೆ. ಬಿಳಿ ಹಾಳೆ ಕೈಗೆ ಕೊಟ್ಟು ಓದು ಎಂದರೆ ಇಲ್ಲದ ಅಕ್ಷರಗಳನ್ನು ಓದುತ್ತಾನೆ. ಬಹುಕಾಲ ಮಾಡಿದ ಕಸುಬು ಕೈಯಲ್ಲಿ ತಾನಾಗಿ ನಡೆಯುವುದೂ ಉಂಟು: ದರ್ಜಿ ಇಲ್ಲದ ಸೂಜಿಗೆ ದಾರ ಪೋಣಿಸುತ್ತಾನೆ, ಚಾಲಕ ಗಾಳಿಯಲ್ಲಿ ಸ್ಟೀರಿಂಗ್ ತಿರುಗಿಸುತ್ತಾನೆ, ಕಾಫಿ ಕೊಯ್ಯುವವನು ಆಸ್ಪತ್ರೆಯ ಹೊದಿಕೆಯಿಂದ ಹಣ್ಣು ಬಿಡಿಸಿ ಸೊಂಟದ ಚೀಲಕ್ಕೆ ತುಂಬುತ್ತಾನೆ. ಚೀಲವೂ ಇಲ್ಲ, ಹಣ್ಣೂ ಇಲ್ಲ. ಇದನ್ನು ಮನೆಯವರು ಕಂಡರೆ ಗಾಳಿ ಸೋಕಿದೆ ಎನ್ನದೆ ಇನ್ನೇನು ಅಂದಾರು? ಮಂತ್ರಿಸಲು ಕರೆದೊಯ್ದಷ್ಟು ಹೊತ್ತು ಜ್ವರ ಏರುತ್ತದೆ, ನೀರು ಆರುತ್ತದೆ, ಹೃದಯ ಲಯ ತಪ್ಪುತ್ತದೆ. ಚಿಕಿತ್ಸೆ ಇಲ್ಲದ ಕಾಲದಲ್ಲಿ ಈ ಸನ್ನಿಗೆ ಸಿಕ್ಕ ಮೂವರಲ್ಲಿ ಒಬ್ಬರವರೆಗೂ ಸಾಯುತ್ತಿದ್ದರು. ಸರಿಯಾದ ಆರೈಕೆಯಲ್ಲಿ ಇಂದು ಅದು ನೂರಕ್ಕೆ ಐದಕ್ಕಿಂತ ಕಡಿಮೆ.

ಇದೆಲ್ಲ ಕುಡಿತ ನಿಂತದ್ದರಿಂದಲೇ ಆಗುವುದೆಂದು ವೈದ್ಯಲೋಕ ಬಹಳ ಕಾಲ ಒಪ್ಪಿರಲಿಲ್ಲ. ಕುಡುಕ ಸರಿಯಾಗಿ ತಿನ್ನುವುದಿಲ್ಲ, ಅದಕ್ಕೇ ಹೀಗೆ ಎಂಬ ವಾದ ಗಟ್ಟಿಯಾಗಿತ್ತು. 1955ರಲ್ಲಿ ಅಮೆರಿಕದ ಹ್ಯಾರಿಸ್ ಇಸ್ಬೆಲ್ ಪ್ರಕಟಿಸಿದ ಪ್ರಯೋಗ ಅದನ್ನು ಮುಗಿಸಿತು. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ, ಹಿಂದೆ ಮಾರ್ಫೀನ್ ಚಟವಿದ್ದ ಹತ್ತು ಮಂದಿಗೆ ಒಳ್ಳೆಯ ಊಟ, ವಿಟಮಿನ್ ಎಲ್ಲ ಕೊಟ್ಟು ದಿನವಿಡೀ ಮದ್ಯ ಕುಡಿಸಿದರು. ನಾಲ್ವರು ಬೇಗ ಬಿಟ್ಟರು. 48ರಿಂದ 87 ದಿನ ಕುಡಿದ ಆರು ಮಂದಿಯಲ್ಲಿ, ಒಮ್ಮೆಲೆ ನಿಲ್ಲಿಸಿದಾಗ, ನಡುಕ, ಫಿಟ್ಸ್, ಸನ್ನಿ ಎಲ್ಲ ಸಾಲಾಗಿ ಬಂದವು. ಆ ಪ್ರಬಂಧದ ಶೀರ್ಷಿಕೆಯಲ್ಲೇ ಇದ್ದ ಫಿಟ್ಸ್‌ನ ಹಳೆಯ ಅಡ್ಡಹೆಸರು ರಮ್ ಫಿಟ್ಸ್. ಇಂದು ಯಾವ ನೈತಿಕ ಸಮಿತಿಯೂ ಅಂಥ ಪ್ರಯೋಗಕ್ಕೆ ಒಪ್ಪಿಗೆ ಕೊಡದು, ಕೊಡಲೂಬಾರದು. ಆದರೆ ಅದರಿಂದ ಗೊತ್ತಾದದ್ದು ಉಳಿಯಿತು.

ಫಿಟ್ಸ್, ಸನ್ನಿ ಕೆಲವರಿಗೆ. ಭಯ ಮಾತ್ರ ಹೆಚ್ಚುಕಡಿಮೆ ಎಲ್ಲರಿಗೂ. ಅದು ಯಾವುದೋ ಒಂದರ ಭಯವಲ್ಲ. ಬಾಗಿಲು ತಟ್ಟಿದರೆ ಬೆಚ್ಚುತ್ತಾನೆ, ಫೋನು ರಿಂಗಾದರೆ ಬೆವರುತ್ತಾನೆ, ಇನ್ನೇನೋ ಕೇಡು ಆಗಿಯೇಬಿಡುತ್ತದೆ ಎಂದು ಅಂಗಳದಲ್ಲಿ ತಿರುಗುತ್ತಾನೆ. ಮಿದುಳಿನ ಕಾಂಡದಲ್ಲಿ ಲೋಕಸ್ ಸೆರೂಲಿಯಸ್ ಎಂಬ ನೀಲಿ ಛಾಯೆಯ ಸಣ್ಣ ಚುಕ್ಕೆಯಿದೆ. ಮಿದುಳಿಗೆ ಬೇಕಾದ ನಾರ್‌ಅಡ್ರಿನಲಿನ್‌ನ ಬಹುಭಾಗ ಅಲ್ಲಿಂದಲೇ ಹೋಗಬೇಕು. ಗಾಬಾದ ಹಿಡಿತ ಸಡಿಲವಾದೊಡನೆ ಅದು ಕಡಿವಾಣವಿಲ್ಲದೆ ಓಡತೊಡಗುತ್ತದೆ. ಆನೆ ಎದುರಾದಾಗ ಆಗಬೇಕಾದ ಎದೆಬಡಿತ, ಬೆವರು, ರಕ್ತದೊತ್ತಡ ಎಲ್ಲವೂ ಆನೆಯಿಲ್ಲದೆಯೇ ಆಗುತ್ತವೆ.

ಅದಕ್ಕಿಂತ ಆಳದಲ್ಲಿ ಇನ್ನೊಂದಿದೆ. 1981ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ವೈಲಿ ವೇಲ್ ಮತ್ತು ಸಂಗಡಿಗರು ಸಿಆರ್‌ಎಫ್ ಎಂಬ ಸಣ್ಣ ಪ್ರೋಟೀನ್ ತುಣುಕನ್ನು ಪ್ರತ್ಯೇಕಿಸಿದರು. ದೇಹದ ಒತ್ತಡದ ಹಾರ್ಮೋನುಗಳ ಸರಣಿಗೆ ಚಾಲನೆ ಕೊಡುವುದು ಇದೇ. ಭಯದ ಕೇಂದ್ರವಾದ ಅಮಿಗ್ಡಲದಲ್ಲಿಯೂ ಇದು ಕೆಲಸ ಮಾಡುತ್ತದೆ. ಮದ್ಯಕ್ಕೆ ಒಗ್ಗಿದ ಇಲಿಗಳಿಗೆ ಮದ್ಯ ತಪ್ಪಿಸಿದಾಗ ಅಮಿಗ್ಡಲದಲ್ಲಿ ಸಿಆರ್‌ಎಫ್ ಏರುತ್ತದೆ, ಇಲಿ ಮೂಲೆ ಸೇರುತ್ತದೆ. ಸಿಆರ್‌ಎಫ್ ಅನ್ನು ತಡೆದರೆ ಮತ್ತೆ ಬಯಲಿಗೆ ಬರುತ್ತದೆ. ಜಾರ್ಜ್ ಕೂಬ್ ಎಂಬ ವಿಜ್ಞಾನಿ ಇದರ ಮೇಲೆ ಚಟದ ಕತ್ತಲ ಮುಖದ ಸಿದ್ಧಾಂತವನ್ನೇ ಕಟ್ಟಿದರು: ಮೊದಮೊದಲು ಸುಖಕ್ಕೆ ಕುಡಿಯುವವನು ಕೊನೆಗೆ ಸಂಕಟ ಕಳೆಯಲು ಕುಡಿಯುತ್ತಾನೆ. ಸಿಆರ್‌ಎಫ್ ತಡೆಯುವ ಮಾತ್ರೆ ಮಾಡಿದರಾಯಿತಲ್ಲ ಎಂದು ಔಷಧ ಕಂಪನಿಗಳು ಹೊರಟವು. ಮನುಷ್ಯರ ಮೇಲೆ ಪೆಕ್ಸಾಸರ್‌ಫಾಂಟ್, ವೆರುಸರ್‌ಫಾಂಟ್ ಎಂಬ ಎರಡನ್ನು ಪ್ರಯತ್ನಿಸಿದರು. ಕುಡಿಯುವ ಹಂಬಲ ತಗ್ಗಲಿಲ್ಲ. ಇಲಿಯ ಭಯಕ್ಕೂ ಮನುಷ್ಯನ ಭಯಕ್ಕೂ ನಡುವೆ ಸಾಲ, ಸಂಸಾರ, ನೆನಪು ಎಲ್ಲ ಇವೆ ತಾನೆ.

ನಡುಕ, ಗಾಬರಿ ವಾರದಲ್ಲಿ ಇಳಿಯುತ್ತವೆ. ಮನೆಯವರು ಗೆದ್ದೆವು ಎಂದುಕೊಳ್ಳುವ ಹೊತ್ತಿಗೆ ಅವನು ಗೋಡೆಗೆ ಮುಖಮಾಡಿ ಮಲಗುತ್ತಾನೆ. ಪಂದಿಕರಿ, ಕಡಂಬುಟ್ಟು ಮಾಡಿಟ್ಟರೂ ರುಚಿಯಿಲ್ಲ. ಮೊಮ್ಮಗು ಬಂದರೂ ನಗುವಿಲ್ಲ. ರಾತ್ರಿ ಮೂರಕ್ಕೆ ಎಚ್ಚರ. ಏಕೆಂದರೆ ಸಂತೋಷದ ನಿರೀಕ್ಷೆ ಹುಟ್ಟಿಸುವ ಡೋಪಮೈನ್ ಇಷ್ಟು ವರ್ಷ ಮದ್ಯದ ದೆಸೆಯಿಂದ ಮೇಲಿಂದ ಮೇಲೆ ಉಕ್ಕಿ ಈಗ ಮಾಮೂಲಿಗಿಂತ ಕೆಳಗಿಳಿದಿದೆ. ಅದನ್ನು ಹಿಡಿಯುವ ಗ್ರಾಹಕಗಳೂ ಕಡಿಮೆಯಾಗಿವೆ. ಜೊತೆಗೆ ಡೈನಾರ್ಫಿನ್ ಎಂಬ, ನಮ್ಮ ಮಿದುಳೇ ತಯಾರಿಸುವ, ಬೇಸರ ತರುವ ರಾಸಾಯನಿಕ ಏರಿದೆ. ಸೆರೊಟೋನಿನ್‌ನ ವ್ಯವಸ್ಥೆಯೂ ಏರುಪೇರಾಗಿದೆ. ಸೆರೊಟೋನಿನ್ ಕಡಿಮೆಯಾದರೆ ಖಿನ್ನತೆ ಎಂಬ ಒಂದು ಸಾಲಿನ ವಿವರಣೆ ಪತ್ರಿಕೆಗಳಲ್ಲಿ ಬಹಳ ಓಡಾಡಿದೆ. ಅಷ್ಟು ಸರಳವಾಗಿದ್ದರೆ ಈ ಅಧ್ಯಾಯವೇ ಬೇಕಿರಲಿಲ್ಲ.

ಈ ಖಿನ್ನತೆಗೂ ಗಡುವಿದೆ. 1988ರಲ್ಲಿ ಸಾಂಡ್ರಾ ಬ್ರೌನ್ ಮತ್ತು ಮಾರ್ಕ್ ಶುಕಿಟ್ ಎಂಬ ಸಂಶೋಧಕರು ಅಮೆರಿಕದಲ್ಲಿ ಚಿಕಿತ್ಸೆಗೆ ದಾಖಲಾದ 191 ಗಂಡಸರನ್ನು ವಾರವಾರವೂ ಅಳೆದರು. ಸೇರಿದಾಗ ನೂರಕ್ಕೆ 42 ಜನರಲ್ಲಿ ತೀವ್ರ ಖಿನ್ನತೆ. ನಾಲ್ಕನೆಯ ವಾರಕ್ಕೆ ಅದು ನೂರಕ್ಕೆ 6. ಖಿನ್ನತೆಯ ಮಾತ್ರೆಯ ಬಲದಿಂದಲ್ಲ, ಬರೀ ಕುಡಿಯದೇ ಇದ್ದದ್ದರಿಂದ. ನೂರರಲ್ಲಿ ಉಳಿದ ಆ ಆರು ಜನಕ್ಕೆ ಖಿನ್ನತೆ ಪ್ರತ್ಯೇಕ ಕಾಯಿಲೆಯಾಗಿಯೇ ಇರಬಹುದು, ಅದಕ್ಕೆ ಬೇರೆ ಚಿಕಿತ್ಸೆ ಬೇಕು. ಮಿಕ್ಕವರಲ್ಲಿ ನೆರಳಿನ ಮರಗಳು ಮತ್ತೆ ಚಿಗುರಿದ್ದವು.

ನಮ್ಮಲ್ಲಿ ಇದನ್ನು ಪ್ರಯೋಗಾಲಯವಿಲ್ಲದೆ ನೋಡಬಹುದು. ಶಬರಿಮಲೆಗೆ ಮಾಲೆ ಹಾಕಿದವರ ವ್ರತ 41 ದಿನ. ಕುಡಿತಕ್ಕೆ ಅಂಟಿಕೊಂಡಿದ್ದವನು ಮಾಲೆ ಧರಿಸಿ, ಮೊದಲ ವಾರದ ಕಂಟಕ ದಾಟಿ, ನಾಲ್ಕನೆಯ ವಾರ ಕಳೆದ ಮೇಲೆ ಮುಖದಲ್ಲಿ ಕಳೆ ತುಂಬಿ ಓಡಾಡುವುದನ್ನು ಊರೆಲ್ಲ ಕಂಡಿರುತ್ತದೆ. ಸ್ವಾಮಿಯ ಮಹಿಮೆ ಎನ್ನುವವರ ಜೊತೆ ನನ್ನ ಜಗಳವಿಲ್ಲ. ಮಿದುಳಿಗೆ ಬೇಕಾದಷ್ಟು ದಿನಗಳನ್ನು ವ್ರತ ಕೊಟ್ಟಿತು ಎಂದಷ್ಟೇ ಸೇರಿಸುತ್ತೇನೆ. 2020ರಲ್ಲಿ ಮದ್ಯದಂಗಡಿಗಳು ಮುಚ್ಚಿದ್ದದ್ದು 40 ದಿನ. ಮೇ 4ರಂದು ಬಾಗಿಲು ತೆರೆದಾಗ ಬೆಳಗಿನಿಂದಲೇ ಸಾಲು ನಿಂತವರಲ್ಲಿ ಅನೇಕರಿಗೆ ದೇಹದ ಒತ್ತಾಯವೇ ಉಳಿದಿರಲಿಲ್ಲ. ಉಳಿದದ್ದು ರೂಢಿ, ನೆನಪು, ಗೆಳೆಯರು. ಅವುಗಳಿಗೆ ಮಾತ್ರೆಯಿಲ್ಲ.

ಮಾಲೆ ತೆಗೆದ ರಾತ್ರಿಯೇ ಬಾಟಲಿ ತೆಗೆಯುವವರಿಗೆ ಒಂದು ಎಚ್ಚರಿಕೆ. ಬಿಡುವುದು, ಹಿಡಿಯುವುದು, ಮತ್ತೆ ಬಿಡುವುದು ನಡೆದಷ್ಟೂ ಪ್ರತಿ ಸಲದ ಸಂಕಟ ಹಿಂದಿನದಕ್ಕಿಂತ ಜೋರಾಗುತ್ತ ಹೋಗುತ್ತದೆ. ಜೇಮ್ಸ್ ಬ್ಯಾಲೆಂಜರ್ ಮತ್ತು ರಾಬರ್ಟ್ ಪೋಸ್ಟ್ 1978ರಲ್ಲಿ ಇದನ್ನು ಮುಂದಿಟ್ಟರು. ಹೋದ ವರ್ಷ ಬರೀ ನಡುಕದಲ್ಲಿ ಪಾರಾದವನಿಗೆ ಈ ವರ್ಷ ಫಿಟ್ಸ್ ಬರಬಹುದು. "ಹೋದ ಸಲ ಏನೂ ಆಗಲಿಲ್ಲವಲ್ಲ" ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ.

ಈಗ ಕೊಡಗಿಗೆ ಮಾತ್ರ ಹೇಳಬೇಕಾದ ಒಂದು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆಯೂ ಇದೆ. ತೋಟದ ಮನೆಯ ಉಗ್ರಾಣದಲ್ಲಿ ಕೀಟನಾಶಕವೂ ಇರುತ್ತದೆ. ಕುಡಿತ ಬಿಟ್ಟ ಮೊದಲ ನಾಲ್ಕು ವಾರ ಮಿದುಳು ಹೇಳುವ "ಬದುಕಿ ಪ್ರಯೋಜನವಿಲ್ಲ" ಎಂಬ ಮಾತು ಆಗ ನಿಜವೆಂದೇ ಅನ್ನಿಸುತ್ತದೆ, ಐದನೆಯ ವಾರಕ್ಕೆ ಬಹುಮಟ್ಟಿಗೆ ಅಳಿಯುತ್ತದೆ. ಅಷ್ಟು ದಿನ ಕೋವಿ, ಕೀಟನಾಶಕ ಎರಡೂ ಅಣ್ಣತಮ್ಮಂದಿರ ಮನೆಯಲ್ಲಿ, ಬೀಗದೊಳಗೆ ಇರಲಿ. ಇದರಲ್ಲಿ ಮರ್ಯಾದೆಗೆ ಕುಂದೇನಿಲ್ಲ.

ಚಿಕಿತ್ಸೆಯ ತರ್ಕ ಸರಳ: ಟಾರ್ಪಾಲನ್ನು ಒಮ್ಮೆಲೆ ಕೀಳದೆ ದಿನಕ್ಕಿಷ್ಟು ಸರಿಸುವುದು. 1950ರ ದಶಕದಲ್ಲಿ ಲಿಯೊ ಸ್ಟರ್ನ್‌ಬಾಕ್ ಎಂಬ ರಸಾಯನ ವಿಜ್ಞಾನಿ ತಯಾರಿಸಿ, 1960ರಲ್ಲಿ ಲಿಬ್ರಿಯಂ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಕ್ಲೋರ್‌ಡಯಾಜೆಪಾಕ್ಸೈಡ್ ಇಂದಿಗೂ ಈ ಕೆಲಸಕ್ಕೆ ಮುಖ್ಯ ಮಾತ್ರೆ. ಅದೂ ಗಾಬಾ ಗ್ರಾಹಕದ ಮೇಲೇ ಕೂರುತ್ತದೆ. ವೈದ್ಯರು ಹೆಚ್ಚಿನ ಪ್ರಮಾಣದಿಂದ ಶುರುಮಾಡಿ ಐದಾರು ದಿನ, ವಾರದಲ್ಲಿ ಇಳಿಸಿ ನಿಲ್ಲಿಸುತ್ತಾರೆ. ಯಕೃತ್ತು ಹಾಳಾಗಿದ್ದರೆ ಲೊರಾಜೆಪಾಮ್ ಆರಿಸುತ್ತಾರೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡು ನುಂಗುವ ಮಾತ್ರೆಯಲ್ಲ ಇದು. ಮೇಲೆ ಮದ್ಯವೂ ಸೇರಿದರೆ ಉಸಿರಾಟವೇ ನಿಲ್ಲಬಹುದು.

ನಮ್ಮ ಕಡೆ ಸುಸ್ತಾದವನಿಗೆ ಮೊದಲು ಮಾಡುವುದು ಗ್ಲೂಕೋಸ್ ಹಾಕಿಸುವುದು. ಕುಡಿತಕ್ಕೆ ಬಿದ್ದವನ ವಿಷಯದಲ್ಲಿ ಇಲ್ಲೊಂದು ಗುಂಡಿಯಿದೆ. ಮದ್ಯ ಕರುಳಿನಲ್ಲಿ ಥಯಮಿನ್, ಅಂದರೆ ಬಿ1 ವಿಟಮಿನ್, ಹೀರಿಕೆಯನ್ನು ತಡೆಯುತ್ತದೆ. ದೇಹದ ದಾಸ್ತಾನು ಕೆಲವೇ ವಾರದ್ದು. ಗ್ಲೂಕೋಸ್ ಉರಿಸಲು ಥಯಮಿನ್ ಬೇಕು. ಖಾಲಿಯಾದ ಮಿದುಳಿಗೆ ಮೊದಲು ಗ್ಲೂಕೋಸ್ ಏರಿಸಿದರೆ ಅಳಿದುಳಿದ ಥಯಮಿನ್ನೂ ಮುಗಿದು, 1881ರಲ್ಲಿ ಕಾರ್ಲ್ ವರ್ನಿಕೆ ವಿವರಿಸಿದ ಕಾಯಿಲೆ ಕೆರಳಬಹುದು: ಕಣ್ಣುಗುಡ್ಡೆ ಹೊಯ್ದಾಡುತ್ತದೆ, ನಡಿಗೆ ತಪ್ಪುತ್ತದೆ, ಬುದ್ಧಿ ಮಂಕಾಗುತ್ತದೆ. ತಡವಾದರೆ ಹೊಸ ನೆನಪು ಹುಟ್ಟುವುದೇ ನಿಂತುಹೋಗುತ್ತದೆ. ಆದ್ದರಿಂದ ಮೊದಲು ಥಯಮಿನ್ ಇಂಜೆಕ್ಷನ್, ಆಮೇಲೆ ಗ್ಲೂಕೋಸ್. ಡ್ರಿಪ್ ಹಾಕುವ ಮುನ್ನ "ಇವರು ದಿನಾ ಕುಡಿಯುತ್ತಾರೆ ಡಾಕ್ಟ್ರೇ" ಎಂದು ಹೇಳಿ. ನಾಚಿಕೆಗೆ ಅದನ್ನು ಮುಚ್ಚಿಟ್ಟರೆ ಆಗುವ ನಷ್ಟ ದೊಡ್ಡದು.

ಗೊತ್ತಿಲ್ಲದಂತೆ ಸಾರಿನಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿಗಳ ಬಗ್ಗೆ ಒಂದೇ ಮಾತು: ಬೇಡ. ಡೈಸಲ್ಫಿರಾಮ್ ಇರುವ ಮದ್ದಿನ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಕುಡಿಯುವವನಿಗೆ ತಿಳಿಸಿ, ಅವನು ಒಪ್ಪಿದ ಮೇಲೆ, ವೈದ್ಯರ ಕಣ್ಣಳತೆಯಲ್ಲಿ ಕೊಡುವ ಔಷಧಿ ಅದು. ಧರ್ಮಸ್ಥಳದ ಜನಜಾಗೃತಿ ವೇದಿಕೆ ಊರೂರಲ್ಲಿ, ಕೊಡಗಿನಲ್ಲೂ, ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರಗಳಿಂದ ಎಷ್ಟೋ ಮನೆಗಳಿಗೆ ಒಳ್ಳೆಯದಾಗಿದೆ. ಭಜನೆ, ಮಾತು, ಹೆಂಡತಿ ಮಕ್ಕಳ ಎದುರಿನ ಪ್ರತಿಜ್ಞೆ, ಶಿಬಿರ ಮುಗಿದ ಮೇಲಿನ ನವಜೀವನ ಸಮಿತಿ, ಇವು ಯಾವ ಮಾತ್ರೆಯೂ ಮಾಡದ ಕೆಲಸ ಮಾಡುತ್ತವೆ. ಆದರೆ ಇಂಥ ಯಾವ ಶಿಬಿರದಲ್ಲೇ ಆಗಲಿ ಎರಡರಿಂದ ನಾಲ್ಕನೆಯ ದಿನ ಮಿದುಳಿನ ದಿನಗಳು. ಆಗ ವೈದ್ಯರು, ನರ್ಸ್ ಹತ್ತಿರದಲ್ಲೇ ಇರಬೇಕು.

ನಿಮ್ಮ ಮನೆಯಲ್ಲಿ ಯಾರಾದರೂ ನಾಳೆಯಿಂದ ಬಿಡುತ್ತೇನೆ ಎಂದರೆ ಇಷ್ಟು ಕೇಳಿಟ್ಟುಕೊಳ್ಳಿ: ದಿನಕ್ಕೆ ಎಷ್ಟು ಕುಡಿಯುತ್ತಿದ್ದರು, ಕೊನೆಯ ಸಲ ಕುಡಿದದ್ದು ಯಾವಾಗ, ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಸನ್ನಿ ಬಂದಿತ್ತೇ. ಬಂದಿತ್ತು ಎಂದಾದರೆ, ಅಥವಾ ಬೆಳಿಗ್ಗೆ ಕೈ ನಡುಗುವವರಾದರೆ, ಮನೆಯಲ್ಲೇ ಬಿಡಿಸಲು ಹೋಗಬೇಡಿ. ಬಿಡುವ ಮೊದಲೇ ತಾಲ್ಲೂಕು ಆಸ್ಪತ್ರೆಗೋ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೋ ಕರೆದೊಯ್ಯಿರಿ. ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸು ಕುಸಿದಾಗ, ಯಾವ ಹೊತ್ತಿನಲ್ಲಾದರೂ, ಕನ್ನಡದಲ್ಲೇ ಮಾತಾಡಬಹುದಾದ ಟೆಲಿ ಮಾನಸ್ ಸಂಖ್ಯೆ 14416. ಎರಡಕ್ಕೂ ಹಣ ಕೊಡಬೇಕಿಲ್ಲ.